ಹಿಡಿ ಅಕ್ಕಿಯಿಂದ ಬೆಳೆದ ಸಭೆ: ಮಿಜೋರಾಂನ ಪ್ರೆಸ್ಬಿಟೇರಿಯನ್ ಚರ್ಚ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಮೇಲೆ ಕೆಲವು ವರ್ಷ ಮಿಜೋರಾಂನ ರಾಜಧಾನಿ ಐಜ್ವಾಲ್‌ನಲ್ಲಿದ್ದೆ. ಊರಿಗೆ ಮರಳಿದ ಮೇಲೆ ಮದುವೆ ಮನೆಯಲ್ಲಿ, ಆಫೀಸಿನಲ್ಲಿ, ಪತ್ರಗಳಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅಲ್ಲಿನ ಚರ್ಚ್ ಹೇಗೆ ಹುಟ್ಟಿತು, ಅಷ್ಟು ಬೇಗ ಹೇಗೆ ಬೆಳೆಯಿತು, ದುಡ್ಡು ಎಲ್ಲಿಂದ ಬರುತ್ತದೆ ಅಂತ. ಆ ಪ್ರಶ್ನೆಗಳನ್ನು ಜನ ಕೇಳಿದ ಧಾಟಿಯಲ್ಲೇ ಇಟ್ಟು, ಗೊತ್ತಿರುವಷ್ಟನ್ನು ಬರೆದಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ. ಕಷ್ಟದವು ಕೊನೆಗೆ.

## ಮೊದಲು ತಿಳಿಯಬೇಕಾದವು

ಪ್ರೆಸ್ಬಿಟೇರಿಯನ್ ಅಂದ್ರೆ ಏನು? ಕ್ಯಾಥೊಲಿಕ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಥರಾನೇ ಅಲ್ವಾ?

ದೇವರು ಒಬ್ಬನೇ, ಬೈಬಲ್ ಒಂದೇ. ಆಡಳಿತ ಬೇರೆ. ಗ್ರೀಕ್ ಭಾಷೆಯಲ್ಲಿ ‘ಪ್ರೆಸ್ಬಿಟೆರೋಸ್’ ಅಂದರೆ ಹಿರಿಯ. ಈ ಚರ್ಚಿನಲ್ಲಿ ಬಿಷಪ್ ಇಲ್ಲ. ಸಭೆಯ ಜನ, ಅಂದರೆ ಒಂದು ಚರ್ಚಿಗೆ ಸೇರಿದವರು, ತಮ್ಮೊಳಗಿನಿಂದಲೇ ಹಿರಿಯರನ್ನು ಆರಿಸುತ್ತಾರೆ. ಆ ಹಿರಿಯರೂ ಪಾದ್ರಿಯೂ ಒಟ್ಟಿಗೆ ಕೂತು ಸಭೆ ನಡೆಸುತ್ತಾರೆ. 16ನೇ ಶತಮಾನದಲ್ಲಿ ಜಿನೀವಾದಲ್ಲಿ ಜಾನ್ ಕ್ಯಾಲ್ವಿನ್, ಆಮೇಲೆ ಸ್ಕಾಟ್ಲೆಂಡಿನಲ್ಲಿ ಜಾನ್ ನಾಕ್ಸ್ ಹಾಕಿಕೊಟ್ಟ ದಾರಿ ಇದು.

ನಮ್ಮಲ್ಲೂ ಇದರ ಗುರುತು ಇದೆ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚ್ ನೋಡಿರುತ್ತೀರಿ. 1860ರ ದಶಕದಲ್ಲಿ ದಂಡಿನ ಸ್ಕಾಟಿಷ್ ಜನರಿಗಾಗಿ ಕಟ್ಟಿದ ಪ್ರೆಸ್ಬಿಟೇರಿಯನ್ ಚರ್ಚ್ ಅದು. ಈಗ ಸಿಎಸ್‌ಐಗೆ ಸೇರಿದೆ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಶನಲ್ ಸಭೆಗಳು ಸೇರಿ ಸಿಎಸ್‌ಐ ಆಯಿತು. ಅದರಲ್ಲಿ ಬಿಷಪ್ ಇದ್ದಾರೆ. 1970ರಲ್ಲಿ ಉತ್ತರ ಭಾರತದಲ್ಲೂ ಇಂಥದ್ದೇ ಒಂದು ಕೂಟ ಆಯಿತು. ಆದರೆ ಮೇಘಾಲಯದ ಖಾಸಿ ಗುಡ್ಡದ ಮತ್ತು ಮಿಜೋ ಗುಡ್ಡಗಳ ಸಭೆಗಳು ಅದಕ್ಕೆ ಸೇರಲಿಲ್ಲ. ಹಾಗಾಗಿ ಪ್ರೆಸ್ಬಿಟೇರಿಯನ್ ಅನ್ನುವ ಹೆಸರು ಅಲ್ಲಿ ಇಂದಿಗೂ ಉಳಿದಿದೆ.

ಮಿಜೋರಾಂನಲ್ಲಿ ಎಲ್ಲರೂ ಇದೇ ಚರ್ಚಿನವರಾ?

ಇಲ್ಲ. 2011ರ ಜನಗಣತಿ ಪ್ರಕಾರ ರಾಜ್ಯದ ಜನಸಂಖ್ಯೆ ಸುಮಾರು 10.97 ಲಕ್ಷ. ಅವರಲ್ಲಿ ಶೇ. 87ರಷ್ಟು ಕ್ರೈಸ್ತರು. ಪ್ರೆಸ್ಬಿಟೇರಿಯನ್ನರೇ ಜಾಸ್ತಿ, ಅದರಲ್ಲೂ ಉತ್ತರದ ಕಡೆ. ದಕ್ಷಿಣದ ಲುಂಗ್ಲೈ ಸುತ್ತ ಬ್ಯಾಪ್ಟಿಸ್ಟರು ಹೆಚ್ಚು. ಸಾಲ್ವೇಶನ್ ಆರ್ಮಿ, ಪೆಂಟೆಕೊಸ್ಟಲ್, ಕ್ಯಾಥೊಲಿಕ್ ಸಭೆಗಳೂ ಇವೆ. ಚಕ್ಮಾ ಜನ ಬೌದ್ಧರು.

‘ಲೋಕಲ್ ಚರ್ಚ್’ ಅಂತ ಬೇರೆ ಹೇಳ್ತೀರಿ. ಚರ್ಚ್ ಒಂದಾ, ನೂರಾರಾ?

ಎರಡೂ ಸರಿ. ಐಜ್ವಾಲ್‌ನಲ್ಲಿ ಕೇರಿಗೆ ‘ವೆಂಗ್’ ಅಂತಾರೆ. ಒಂದೊಂದು ವೆಂಗ್‌ಗೂ ಅದರದ್ದೇ ಸಭೆ ಇರುತ್ತದೆ. ಅದನ್ನೇ ಅವರು ಲೋಕಲ್ ಚರ್ಚ್ ಅನ್ನುವುದು. ಅಕ್ಕಪಕ್ಕದ ಕೆಲವು ಸಭೆಗಳು ಸೇರಿದರೆ ಒಂದು ‘ಬಿಯಾಲ್’. ಒಂದು ಬಿಯಾಲ್‌ಗೆ ಸಾಮಾನ್ಯವಾಗಿ ಒಬ್ಬ ಪಾದ್ರಿ. ಬಿಯಾಲ್‌ಗಳ ಮೇಲೆ ಪ್ರೆಸ್ಬಿಟರಿ, ಅದರ ಮೇಲೆ ಮಿಜೋರಾಂ ಸಿನೋಡ್. ಸಿನೋಡ್ ಕಚೇರಿ ಐಜ್ವಾಲ್‌ನ ಮಿಷನ್ ವೆಂಗ್‌ನಲ್ಲಿದೆ. ಎಲ್ಲದರ ಮೇಲೆ ಇಡೀ ಪ್ರೆಸ್ಬಿಟೇರಿಯನ್ ಚರ್ಚ್ ಆಫ್ ಇಂಡಿಯಾದ ಮಹಾಸಭೆ. ಅದರ ಕೇಂದ್ರ ಶಿಲ್ಲಾಂಗ್.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಪಾದ್ರಿಗೆ ನೋಡಿಕೊಳ್ಳಲು ಹಲವು ಸಭೆಗಳಿರುತ್ತವೆ. ಪ್ರತಿ ಭಾನುವಾರ ಎಲ್ಲ ಕಡೆ ಅವರು ಇರುವುದಕ್ಕೆ ಆಗುವುದಿಲ್ಲ. ಹಾಗಾಗಿ ದಿನನಿತ್ಯ ಸಭೆಯನ್ನು ನಡೆಸುವವರು ‘ಉಪಾ’ಗಳು, ಅಂದರೆ ಜನ ಆರಿಸಿದ ಹಿರಿಯರು. ಮೇಷ್ಟ್ರು, ಗುಮಾಸ್ತ, ಅಂಗಡಿ ಮಾಲೀಕ, ಗದ್ದೆ ಕೆಲಸದವರು, ಯಾವ ಕಸುಬಿನವರು ಬೇಕಾದರೂ ಉಪಾ ಆಗಬಹುದು. ಅದಕ್ಕೆ ಸಂಬಳ ಇಲ್ಲ. ಪೀಠದ ಮೇಲೆ ನಿಂತು ಪ್ರಸಂಗ ಮಾಡುವವರೂ ಎಷ್ಟೋ ಸಲ ಇವರೇ. ಈ ಚರ್ಚಿನ ಬಲ ಎಲ್ಲಿದೆ ಅಂತ ಕೇಳಿದರೆ ನಾನು ಮೊದಲು ತೋರಿಸುವುದು ಇವರನ್ನು.

## ಶುರುವಾದ ಬಗೆ

ಇದನ್ನು ಕಟ್ಟಿದ್ದು ಬ್ರಿಟಿಷ್ ಸರ್ಕಾರ ತಾನೇ?

ಸರ್ಕಾರ ದಾರಿ ತೆರೆಯಿತು, ಅದು ನಿಜ. ಲುಶಾಯ್ ಗುಡ್ಡ ಅಂತ ಆಗ ಕರೆಯುತ್ತಿದ್ದ ಈ ಸೀಮೆಗೆ ಬ್ರಿಟಿಷರು 1871-72ರಲ್ಲಿ ಒಮ್ಮೆ, 1889-90ರಲ್ಲಿ ಇನ್ನೊಮ್ಮೆ ಸೈನ್ಯ ನುಗ್ಗಿಸಿದರು. ಎರಡನೆಯ ಸಲ ಅಲ್ಲೇ ಉಳಿದರು. ಆದರೆ ಸಭೆ ಕಟ್ಟಿದವರು ಸರ್ಕಾರದ ನೌಕರರಲ್ಲ. ಕೆಲವು ಸಲ ಸರ್ಕಾರಕ್ಕೂ ಇವರಿಗೂ ಜಗಳವೇ ಆಗಿದೆ. ಆ ಕಥೆ ಕೆಳಗೆ ಬರುತ್ತದೆ.

1894ರ ಜನವರಿ 11ರಂದು ಇಬ್ಬರು ಇಂಗ್ಲಿಷ್ ಯುವಕರು ದೋಣಿಯಲ್ಲಿ ತ್ಲಾಂಗ್ ನದಿಯ ಮೇಲೆ ಬಂದು ಸಾಯಿರಂಗ್ ಅನ್ನುವಲ್ಲಿ ಇಳಿದರು. ಜೆ.ಎಚ್. ಲೊರೇನ್ ಮತ್ತು ಎಫ್.ಡಬ್ಲ್ಯು. ಸ್ಯಾವಿಜ್ ಅಂತ ಅವರ ಹೆಸರು. ಲೀಡ್ಸ್‌ನ ಶ್ರೀಮಂತ ರಾಬರ್ಟ್ ಆರ್ತಿಂಗ್ಟನ್ ಕೊಟ್ಟ ಹಣದಿಂದ ನಡೆಯುತ್ತಿದ್ದ ಮಿಷನ್ ಅವರನ್ನು ಕಳಿಸಿತ್ತು. ಮಿಜೋರಾಂನಲ್ಲಿ ಈಗಲೂ ಜನವರಿ 11 ‘ಮಿಷನರಿ ದಿನ’, ಸರ್ಕಾರಿ ರಜೆ. 2025ರಲ್ಲಿ ರೈಲು ಮೊದಲ ಸಲ ಐಜ್ವಾಲ್ ಹತ್ತಿರಕ್ಕೆ ಬಂತಲ್ಲ, ಅದು ನಿಲ್ಲುವುದೂ ಇದೇ ಸಾಯಿರಂಗ್‌ನಲ್ಲಿ. ಆ ಸುದ್ದಿ ಓದಿದ ದಿನ ನನಗೆ ಮೊದಲು ನೆನಪಾದದ್ದು ಆ ದೋಣಿ.

ಅವರು ಬ್ಯಾಪ್ಟಿಸ್ಟರಂತೆ. ಮತ್ತೆ ಚರ್ಚ್ ಪ್ರೆಸ್ಬಿಟೇರಿಯನ್ ಆಗಿದ್ದು ಹೇಗೆ?

ಒಳ್ಳೆಯ ಪ್ರಶ್ನೆ. ಒಂದೇ ಕಡೆ ಬೇರೂರಬಾರದು, ಸುವಾರ್ತೆ, ಅಂದರೆ ಯೇಸುವಿನ ಸಂದೇಶ, ಸಾರಿ ಮುಂದಿನ ಸೀಮೆಗೆ ಹೋಗಬೇಕು ಅನ್ನುವುದು ಆರ್ತಿಂಗ್ಟನ್ ಅವರ ನಿಲುವು. ಹಾಗಾಗಿ ಲೊರೇನ್, ಸ್ಯಾವಿಜ್ ಇಬ್ಬರೂ 1897ರ ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಹೊರಡಬೇಕಾಯಿತು.

ಅದಕ್ಕೂ ಮೊದಲೇ ವೇಲ್ಸ್ ದೇಶದ ಪ್ರೆಸ್ಬಿಟೇರಿಯನ್ನರ ಕಣ್ಣು ಈ ಗುಡ್ಡಗಳ ಮೇಲಿತ್ತು. ಅವರು 1841ರಿಂದ ಖಾಸಿ ಗುಡ್ಡದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿನ ವಿಲಿಯಂ ವಿಲಿಯಮ್ಸ್ ಅನ್ನುವವರು 1891ರಲ್ಲಿ ಐಜ್ವಾಲ್‌ಗೆ ಬಂದು ನೋಡಿಕೊಂಡು ಹೋಗಿದ್ದರು. ಇಲ್ಲೇ ಬಂದು ನೆಲೆಸುವ ಆಸೆ ಅವರಿಗಿತ್ತು. ಮರುವರ್ಷವೇ ಜ್ವರದಿಂದ ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸಕ್ಕೆ 1897ರ ಆಗಸ್ಟ್ 31ರಂದು ಡಿ.ಇ. ಜೋನ್ಸ್ ಬಂದರು. ಜೊತೆಗೆ ರಾಯ್ ಭಜೂರ್ ಅನ್ನುವ ಖಾಸಿ ಸುವಾರ್ತಿಕರೂ ಇದ್ದರು. ಮುಂದಿನ ವರ್ಷದ ಕೊನೆಗೆ ಎಡ್ವಿನ್ ರೋಲಂಡ್ಸ್ ಬಂದರು. ಮಿಜೋ ಜನ ಜೋನ್ಸ್ ಅವರಿಗೆ ‘ಝೋಸಾಪ್‌ಹ್ಲುಯಾ’ ಅಂತಲೂ ರೋಲಂಡ್ಸ್ ಅವರಿಗೆ ‘ಝೋಸಾಪ್‌ಥಾರಾ’ ಅಂತಲೂ ಹೆಸರಿಟ್ಟರು. ಹಳೇ ಸಾಹೇಬರು, ಹೊಸ ಸಾಹೇಬರು ಅಂತ ಅರ್ಥ.

ಲೊರೇನ್ ಮತ್ತು ಸ್ಯಾವಿಜ್ ಮುಂದೆ 1903ರಲ್ಲಿ ಬ್ಯಾಪ್ಟಿಸ್ಟ್ ಮಿಷನ್ ಮೂಲಕ ದಕ್ಷಿಣದ ಲುಂಗ್ಲೈಗೆ ಮರಳಿದರು. ಉತ್ತರ ಪ್ರೆಸ್ಬಿಟೇರಿಯನ್ನರಿಗೆ, ದಕ್ಷಿಣ ಬ್ಯಾಪ್ಟಿಸ್ಟರಿಗೆ ಅಂತ ಹಂಚಿಕೆಯಾದದ್ದು ಹೀಗೆ.

ಲಿಪಿಯೇ ಇಲ್ಲದ ಭಾಷೆಗೆ ನಾಲ್ಕೇ ವರ್ಷದಲ್ಲಿ ಪುಸ್ತಕ ಬಂತಾ?

ಬಂತು. ಲೊರೇನ್, ಸ್ಯಾವಿಜ್ ಜನರ ಜೊತೆ ಕೂತು ಒಂದೊಂದೇ ಮಾತು ಬರೆದುಕೊಂಡರು. ರೋಮನ್ ಅಕ್ಷರಗಳನ್ನು ತೆಗೆದುಕೊಂಡು ಮಿಜೋ ಉಚ್ಚಾರಕ್ಕೆ ಹೊಂದಿಸಿದರು. 1894ರ ಏಪ್ರಿಲ್ 1ರಂದು ಶಾಲೆ ಶುರುವಾಯಿತು. ಇಬ್ಬರೇ ಮಕ್ಕಳು, ಸುವಾಕಾ ಮತ್ತು ಥಾಂಗ್‌ಫುಂಗಾ. ಬೈಬಲಿನ ಲೂಕ, ಯೋಹಾನ ಮತ್ತು ಅಪೊಸ್ತಲರ ಕೃತ್ಯಗಳು ಅನ್ನುವ ಭಾಗಗಳನ್ನು ಅನುವಾದಿಸಿದರು. 1898ರಲ್ಲಿ ಅವರ ವ್ಯಾಕರಣ ಮತ್ತು ನಿಘಂಟು ಅಚ್ಚಾಯಿತು.

ಕನ್ನಡದವರಿಗೆ ಇದು ಹತ್ತಿರದ ಸಂಗತಿ. ಅವರು ಸಾಯಿರಂಗ್‌ನಲ್ಲಿ ಇಳಿದ 1894ರಲ್ಲೇ ಮಂಗಳೂರಿನಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು ಹೊರಬಂತು. ವ್ಯತ್ಯಾಸ ಇಷ್ಟೇ. ಕಿಟೆಲ್ ಅವರ ಎದುರಿಗೆ ಸಾವಿರಕ್ಕೂ ಹೆಚ್ಚು ವರ್ಷದ ಸಾಹಿತ್ಯ ಇತ್ತು. ಇವರ ಎದುರಿಗೆ ಮಾತು, ಹಾಡು, ಕಥೆ ಮಾತ್ರ ಇದ್ದವು. ಅಕ್ಷರಕ್ಕೂ ಸಭೆಗೂ ಅಲ್ಲಿ ಅಂದಿನಿಂದ ನಂಟು. 2011ರ ಜನಗಣತಿಯಲ್ಲಿ ಮಿಜೋರಾಂನ ಸಾಕ್ಷರತೆ ಶೇ. 91 ದಾಟಿತ್ತು. ದೇಶದಲ್ಲಿ ಕೇರಳ, ಲಕ್ಷದ್ವೀಪ ಬಿಟ್ಟರೆ ಅದೇ ಮುಂದೆ.

ಮೊದಲು ಸೇರಿದವರು ಯಾರು?

ಖುಮಾ ಮತ್ತು ಖಾರಾ. 1899ರ ಜುಲೈ 25ರಂದು ಇಬ್ಬರಿಗೂ ದೀಕ್ಷಾಸ್ನಾನ ಆಯಿತು. ಮಿಷನರಿಗಳು ಬಂದು ಐದು ವರ್ಷ ಕಳೆದ ಮೇಲೆ ಇಬ್ಬರು! ಮೊದಲ ಮಿಜೋ ಪಾದ್ರಿ ಛುವಾಖಾಮಾ. ಅವರಿಗೆ ದೀಕ್ಷೆಯಾದದ್ದು 1913ರಲ್ಲಿ.

## ಬೆಳೆದ ಬಗೆ

ಇಬ್ಬರಿಂದ ಶುರುವಾಗಿ ಇಡೀ ರಾಜ್ಯ ಅಂದ್ರೆ ನಂಬೋಕಾಗಲ್ಲ. ಏನು ಕಾರಣ?

ಅಂಕಿ ನೋಡಿ. 1901ರ ಜನಗಣತಿಯಲ್ಲಿ ಲುಶಾಯ್ ಗುಡ್ಡದಲ್ಲಿ ಕ್ರೈಸ್ತರು 45 ಜನ. 1911ಕ್ಕೆ ಸುಮಾರು 2,500. 1921ಕ್ಕೆ 27 ಸಾವಿರ ದಾಟಿತು. 1951ರ ಹೊತ್ತಿಗೆ ನೂರಕ್ಕೆ 80 ಜನ.

ಬರೀ ಶಾಲೆ, ಔಷಧಿಯಿಂದ ಇದು ಆಗಲಿಲ್ಲ. ಹಳೆಯ ಮಿಜೋ ನಂಬಿಕೆಯನ್ನು ಸ್ವಲ್ಪ ತಿಳಿದರೆ ಕಾರಣ ಕಾಣುತ್ತದೆ. ಸತ್ತ ಮೇಲೆ ‘ಪಿಯಾಲ್‌ರಾಲ್’ ಅನ್ನುವ ಸುಖದ ಲೋಕ ಇದೆ ಅಂತ ಅವರು ನಂಬಿದ್ದರು. ಅಲ್ಲಿಗೆ ಹೋಗಲು ‘ಥಾಂಗ್‌ಛುವಾ’ ಅನ್ನುವ ಹಿರಿಮೆ ಬೇಕು. ಆ ಹಿರಿಮೆ ಸಿಗಬೇಕಾದರೆ ಸಾಲುಸಾಲು ಊಟ ಹಾಕಿಸಬೇಕು, ಇಲ್ಲವೇ ಗೊತ್ತಾದ ಪ್ರಾಣಿಗಳನ್ನು ಬೇಟೆಯಾಡಬೇಕು. ಬಡವರಿಗೆ, ಹೆಂಗಸರಿಗೆ ಆ ಬಾಗಿಲು ಮುಚ್ಚಿದ್ದಂತೆಯೇ. ಕಾಯಿಲೆ ಬಂದರೆ ‘ಹುವಾಯ್’ ಅನ್ನುವ ದೆವ್ವಗಳ ಕಾಟ ಅಂತ ಕೋಳಿ, ಹಂದಿ ಬಲಿ ಕೊಡಬೇಕು. ಖರ್ಚಿನ ಮೇಲೆ ಖರ್ಚು. ಬಾಗಿಲು ಎಲ್ಲರಿಗೂ ತೆರೆದಿದೆ, ಬಲಿ ಬೇಡ ಅನ್ನುವ ಮಾತು ಇಂಥವರ ಕಿವಿಗೆ ಹೇಗೆ ಕೇಳಿಸಿರಬಹುದು ಯೋಚಿಸಿ.

ಇನ್ನೊಂದು ಕಾರಣ ದೇವರ ಹೆಸರು. ‘ಪಾಥಿಯಾನ್’ ಅಂತ ಮೇಲಿನ ದೇವರೊಬ್ಬನನ್ನು ಮಿಜೋ ಜನ ಮೊದಲೇ ಬಲ್ಲವರು. ಮಿಷನರಿಗಳು ಆ ಹೆಸರನ್ನೇ ಉಳಿಸಿಕೊಂಡರು. ಹೊರಗಿನ ಹೆಸರು ತಂದು ಹೇರಲಿಲ್ಲ.

ಮೂರನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಊರೂರಿಗೆ ಹೋಗಿ ಹೇಳಿದವರು ಮಿಜೋ ಜನರೇ. ಬೆರಳೆಣಿಕೆಯ ವಿದೇಶಿಯರು ಆ ಗುಡ್ಡಗಾಡಿನ ಎಲ್ಲ ಹಳ್ಳಿ ಸುತ್ತುವುದು ಆಗದ ಮಾತು. ಓದಲು ಕಲಿತವನು ಪಕ್ಕದ ಊರಿಗೆ ಹೋದ, ಅಲ್ಲಿ ಒಂದು ಮನೆಯಲ್ಲಿ ಹಾಡು ಕಲಿಸಿದ. ಆ ಮನೆ ಸಭೆಯಾಯಿತು.

‘ಉಜ್ಜೀವನ’ ಅಂತಾರಲ್ಲ, ಅದು ಏನು? ಡೋಲು ಬಡಿದು ಕುಣಿಯೋದಾ?

1904ರಲ್ಲಿ ವೇಲ್ಸ್‌ನಲ್ಲಿ ಜನ ಚರ್ಚುಗಳಲ್ಲಿ ರಾತ್ರಿಯಿಡೀ ಹಾಡಿ, ಅತ್ತು, ಪ್ರಾರ್ಥಿಸುವಂಥ ಒಂದು ದೊಡ್ಡ ಅಲೆ ಎದ್ದಿತು. ಉಜ್ಜೀವನ ಅನ್ನುವುದು ಇದನ್ನೇ. ಅದರ ಸುದ್ದಿಯಿಂದ 1905ರಲ್ಲಿ ಖಾಸಿ ಗುಡ್ಡದಲ್ಲೂ ಹಾಗೇ ಆಯಿತು. ಅದನ್ನು ಕಣ್ಣಾರೆ ನೋಡಲು ಕೆಲವು ಮಿಜೋ ಜನ ಮೈರಂಗ್‌ವರೆಗೆ ಹೋಗಿ ಬಂದರು. 1906ರ ಏಪ್ರಿಲ್‌ನಲ್ಲಿ ಐಜ್ವಾಲ್‌ನಲ್ಲೂ ಅಲೆ ಎದ್ದಿತು.

ಆದರೆ ಬೆಳವಣಿಗೆ ನೇರ ಗೆರೆಯ ಹಾಗೆ ಏರಲಿಲ್ಲ. 1908ರ ಹೊತ್ತಿಗೆ ‘ಪುಮಾ ಝಾಯ್’ ಅನ್ನುವ ಹಳೆಯ ಧಾಟಿಯ ಹಾಡು ಕಾಡ್ಗಿಚ್ಚಿನಂತೆ ಹಬ್ಬಿತು. ಹಳ್ಳಿಗಳನ್ನು ಆಳುವ ಮುಖಂಡರು ಊಟ ಹಾಕಿಸಿದರು, ಊರೂರಲ್ಲಿ ಕುಣಿತ ನಡೆಯಿತು. ಎಷ್ಟೋ ಜನ ಸಭೆ ಬಿಟ್ಟು ಹೋದರು. ಆಮೇಲೆ 1911-12ರಲ್ಲಿ ‘ಮೌತಾಮ್’ ಬಂತು. ಅಲ್ಲಿನ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಬೀಜ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ, ಬೀಜ ಮುಗಿದ ಮೇಲೆ ಪೈರಿಗೆ ನುಗ್ಗುತ್ತವೆ. ನಮ್ಮ ಮಲೆನಾಡಿನಲ್ಲೂ ಬಿದಿರು ಹೂ ಬಿಟ್ಟರೆ ಬರ ಅಂತ ಹಿರಿಯರು ಹೇಳುತ್ತಾರಲ್ಲ, ಹಾಗೆ. ಹಸಿವಿನ ಆ ದಿನಗಳಲ್ಲಿ ಪುಮಾ ಝಾಯ್ ಸದ್ದು ಅಡಗಿತು. 1913ರಲ್ಲಿ ಮತ್ತೆ, 1919ರಲ್ಲಿ ಇನ್ನೂ ದೊಡ್ಡದಾಗಿ ಉಜ್ಜೀವನ ನಡೆಯಿತು.

ಡೋಲಿನ ವಿಷಯ. ಅದಕ್ಕೆ ‘ಖುವಾಂಗ್’ ಅಂತಾರೆ. ಮೊದಮೊದಲು ಮಿಷನರಿಗಳು ಅದನ್ನು ಸಭೆಯೊಳಗೆ ಬಿಡಲಿಲ್ಲ. ಕುಡಿತದ ಕೂಟಗಳ ವಾದ್ಯ ಅದು ಅನ್ನುವ ಅಂಜಿಕೆ. ವೇಲ್ಸ್‌ನ ರಾಗಗಳನ್ನು ಕಲಿಸಿದರು. 1919ರ ಉಜ್ಜೀವನದ ಕಾಲದಲ್ಲಿ ಜನ ಡೋಲನ್ನು ತಾವೇ ಒಳಗೆ ತಂದರು. ತಮ್ಮದೇ ಧಾಟಿಯ ಹಾಡುಗಳನ್ನೂ ಕಟ್ಟಿದರು. ‘ಲೆಂಗ್‌ಖೋಮ್ ಝಾಯ್’ ಅಂತ ಅದಕ್ಕೆ ಹೆಸರು. ಯಾರಾದರೂ ತೀರಿಕೊಂಡ ಮನೆಯಲ್ಲಿ ಕೇರಿಯ ಜನವೆಲ್ಲ ರಾತ್ರಿ ಕೂತು, ಡೋಲಿನ ನಿಧಾನ ತಾಳಕ್ಕೆ ಈ ಹಾಡು ಹಾಡುತ್ತಾರೆ. ಭಾಷೆ ಬಾರದ ನನಗೂ ಗಂಟಲು ಕಟ್ಟಿದೆ.

ಈ ‘ಹಿಡಿ ಅಕ್ಕಿ’ ಅಂದ್ರೆ ಏನು ಅಂತ ವಿವರವಾಗಿ ಹೇಳ್ತೀರಾ?

ಇದನ್ನು ಹೇಳುವುದೆಂದರೆ ನನಗೆ ಬಲು ಇಷ್ಟ.

ಮಿಜೋ ಭಾಷೆಯಲ್ಲಿ ‘ಬುಹ್‌ಫಾಯ್ ಥಾಮ್’. ಬುಹ್‌ಫಾಯ್ ಅಂದರೆ ಅಕ್ಕಿ, ಥಾಮ್ ಅಂದರೆ ಹಿಡಿ. 1910ರಲ್ಲಿ ಶುರುವಾದ ಪದ್ಧತಿ. ಮನೆಯಾಕೆ ಅನ್ನಕ್ಕೆ ಇಡುವಾಗ ಅಕ್ಕಿ ಅಳೆಯುತ್ತಾಳೆ. ಒಲೆಗೆ ಹಾಕುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಪಕ್ಕದ ಡಬ್ಬಕ್ಕೆ ಹಾಕುತ್ತಾಳೆ. ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ಅದು ದೇವರ ಪಾಲು. ಸಭೆಯ ಮಹಿಳಾ ಸಂಘದವರು ಬಂದು ಕೂಡಿಸಿಕೊಂಡು ಹೋಗುತ್ತಾರೆ. ಆ ಅಕ್ಕಿಯನ್ನು ಮಾರಿ, ಬಂದ ಹಣವನ್ನು ಸಭೆಯ ಕೆಲಸಕ್ಕೆ ಕೊಡುತ್ತಾರೆ.

ಆಗಿನ ಕಾಲ ನೆನೆಯಿರಿ. ಗುಡ್ಡ ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ. ಕೈಯಲ್ಲಿ ಕಾಸು ಓಡಾಡುತ್ತಿರಲಿಲ್ಲ. ಕಾಣಿಕೆ ಕೊಡು ಅಂದರೆ ಎಲ್ಲಿಂದ ಕೊಡಬೇಕು? ಆದರೆ ಒಲೆ ಹಚ್ಚಿದ ಮನೆಯಲ್ಲಿ ಒಂದು ಹಿಡಿ ಅಕ್ಕಿ ಇದ್ದೇ ಇರುತ್ತದೆ. ಊಟ ಮಾಡುವಷ್ಟು ಇದ್ದವರು ಕೊಡುವಷ್ಟೂ ಇದ್ದವರೇ ಅನ್ನುವ ಲೆಕ್ಕ. ಹಾಗಾಗಿ ಬಡವಿ ಅಂತ ಯಾರೂ ಹೊರಗೆ ಉಳಿಯಲಿಲ್ಲ. ಯಜಮಾನನ ಅಪ್ಪಣೆಯೂ ಬೇಕಾಗಲಿಲ್ಲ. ಅಡುಗೆಮನೆಯಲ್ಲಿ ನಿಂತ ಹೆಣ್ಣೇ ಇಡೀ ಸಭೆಗೆ ಆಧಾರವಾದಳು.

ಬಂದ ಹಣದಿಂದ ಸುವಾರ್ತಿಕರ ಖರ್ಚು ನಡೆಯಿತು, ಬಡ ಸಭೆಗಳಿಗೆ ನೆರವಾಯಿತು. ಕಾಲ ಕಳೆದಂತೆ ಅದು ಕೋಟಿಗಳ ಲೆಕ್ಕಕ್ಕೆ ಏರಿತು. ಗ್ಯಾಸ್ ಒಲೆ, ಕುಕ್ಕರ್ ಬಂದರೂ ಪದ್ಧತಿ ನಿಂತಿಲ್ಲ. ನಾನಿದ್ದ ಮನೆಯ ಕೆಳಗಿನ ಅಜ್ಜಿಯ ಡಬ್ಬ ಒಲೆಯ ಪಕ್ಕದಲ್ಲೇ ಇರುತ್ತಿತ್ತು. ಅವರು ಮಾತಾಡುತ್ತಲೇ, ಡಬ್ಬದ ಕಡೆ ನೋಡದೆ, ಒಂದು ಹಿಡಿ ಅದಕ್ಕೆ ಹಾಕುತ್ತಿದ್ದರು.

ನಮ್ಮಲ್ಲೂ ಇಂಥದ್ದು ಇತ್ತು. ಮಠಗಳ ದಾಸೋಹಕ್ಕೆ, ಬಡ ಮಕ್ಕಳ ವಿದ್ಯಾರ್ಥಿನಿಲಯಗಳಿಗೆ ಮನೆಮನೆಯಿಂದ ಮುಷ್ಟಿ ಅಕ್ಕಿ, ಮುಷ್ಟಿ ರಾಗಿ ಕೂಡಿಸುತ್ತಿದ್ದರು. ನಮ್ಮ ಅಜ್ಜಿಗೆ ಬುಹ್‌ಫಾಯ್ ಥಾಮ್ ಬಗ್ಗೆ ಹೇಳಿದ್ದರೆ ಎರಡನೇ ಸಲ ವಿವರಿಸಬೇಕಾಗಿರಲಿಲ್ಲ.

ಏನೇ ಹೇಳಿ, ದುಡ್ಡು ವಿದೇಶದಿಂದ ಬರುತ್ತೆ ಅಲ್ವಾ?

ಮೊದಲ ದಶಕಗಳಲ್ಲಿ ಮಿಷನರಿಗಳ ಸಂಬಳ, ಆಸ್ಪತ್ರೆ, ಶಾಲೆಗೆ ವೇಲ್ಸ್‌ನಿಂದ ಹಣ ಬರುತ್ತಿತ್ತು. ಸಭೆ ಮಾತ್ರ ಬಹಳ ಬೇಗ ತನ್ನ ಕಾಲ ಮೇಲೆ ನಿಲ್ಲಲು ಕಲಿಯಿತು. ಈಗ ಅದು ನಡೆಯುವುದು ಅಲ್ಲಿನ ಜನರ ಕಾಣಿಕೆಯಿಂದ. ಸಂಬಳದಾರರು ಆದಾಯದ ಹತ್ತನೇ ಒಂದು ಭಾಗ ಕೊಡುವುದು ರೂಢಿ. ತರಕಾರಿ, ಸೌದೆ ಕೊಡುವವರೂ ಇದ್ದಾರೆ. ದಶಮಾಂಶದ ಹಣ ಸಿನೋಡಿಗೆ ಹೋಗಿ, ಅಲ್ಲಿಂದ ಪಾದ್ರಿಗಳ ಸಂಬಳ ಬರುತ್ತದೆ. ಹಾಗಾಗಿ ಶ್ರೀಮಂತ ಕೇರಿಯ ಪಾದ್ರಿ, ಬಡ ಹಳ್ಳಿಯ ಪಾದ್ರಿ ಅನ್ನುವ ಭೇದ ಕಡಿಮೆ. ಈಗ ಮಿಜೋ ಸಭೆಯೇ ಬೇರೆ ರಾಜ್ಯಗಳಿಗೆ ಮಿಷನರಿಗಳನ್ನು ಕಳಿಸುತ್ತದೆ.

ಒಂದು ಹೊಸ ಸಭೆ ಹುಟ್ಟೋದು ಹೇಗೆ? ಯಾರಾದ್ರೂ ಬಂದು ಕಟ್ಟಿಕೊಡ್ತಾರಾ?

ಊರು ಬೆಳೆದು ಗುಡ್ಡದ ಇನ್ನೊಂದು ಮಗ್ಗುಲಿಗೆ ಮನೆಗಳು ಬರುತ್ತವೆ. ವಯಸ್ಸಾದವರಿಗೆ ಹಳೆಯ ಚರ್ಚಿನವರೆಗೆ ಏರಿ ಬರುವುದು ಕಷ್ಟ. ಆಗ ಆ ಮಗ್ಗುಲಲ್ಲಿ ಪ್ರಾರ್ಥನೆ, ಸಂಡೇ ಸ್ಕೂಲ್ ಶುರುವಾಗುತ್ತದೆ. ಅಲ್ಲಿ ಸಂಡೇ ಸ್ಕೂಲ್ ಬರೀ ಮಕ್ಕಳಿಗಲ್ಲ, ಅಜ್ಜ ಅಜ್ಜಿಯರಿಗೂ ತರಗತಿ ಇದೆ. ಮನೆಗಳು ಸಾಕಷ್ಟಾದ ಮೇಲೆ, ಮೇಲಿನ ಸಭೆಯ ಒಪ್ಪಿಗೆ ಪಡೆದು ಬೇರೆ ಸಭೆಯಾಗುತ್ತದೆ. ತಾಯಿ ಸಭೆ ಸಂತೋಷದಿಂದಲೇ ಕಳಿಸಿಕೊಡುತ್ತದೆ.

ಕಟ್ಟಡಕ್ಕೆ ‘ಹ್ನಾತ್‌ಲಾಂಗ್’ ಇದೆ. ಕೇರಿಯವರೆಲ್ಲ ಕೂಡಿ ಕೂಲಿ ಇಲ್ಲದೆ ಮಾಡುವ ಕೆಲಸ. ಕ್ರೈಸ್ತ ಧರ್ಮಕ್ಕಿಂತ ಹಳೆಯ ಮಿಜೋ ರೂಢಿ ಅದು. ಕಡಿದಾದ ಇಳಿಜಾರಲ್ಲಿ ಸಾಲಾಗಿ ನಿಂತು, ಕೈಯಿಂದ ಕೈಗೆ ಕಲ್ಲು, ಮರಳು ದಾಟಿಸುತ್ತಾರೆ. ಟೀ ಕುಡಿಯುತ್ತಾರೆ, ಮತ್ತೆ ದಾಟಿಸುತ್ತಾರೆ. ಕ್ರಿಸ್‌ಮಸ್ ಬಂದರೆ ಅದೇ ಜನ ಒಟ್ಟಿಗೆ ಅಡುಗೆ ಮಾಡಿ ಸಾಲಾಗಿ ಕೂತು ಉಣ್ಣುತ್ತಾರೆ.

## ಸ್ವಲ್ಪ ಆಳದ ಪ್ರಶ್ನೆಗಳು

ಹಳೆಯ ಸಂಸ್ಕೃತಿಯನ್ನೆಲ್ಲ ಚರ್ಚ್ ಅಳಿಸಿಬಿಟ್ಟಿತಲ್ಲ, ಅದಕ್ಕೆ ಏನಂತೀರಿ?

ಕಳೆದುಹೋದದ್ದು ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ‘ಝೋಲ್‌ಬುಕ್’ ಅಂತ ಊರ ಹುಡುಗರೆಲ್ಲ ರಾತ್ರಿ ಮಲಗುವ ದೊಡ್ಡ ಮನೆ ಇರುತ್ತಿತ್ತು. ಶಿಸ್ತು, ಬೇಟೆ, ಊರ ಕಾವಲು, ಎಲ್ಲ ಕಲಿಯುತ್ತಿದ್ದದ್ದು ಅಲ್ಲೇ. ಶಾಲೆ ಬಂದ ಮೇಲೆ ಅದು ಸೊರಗಿತು. 1938ರ ಹೊತ್ತಿಗೆ ಮುಗಿದೇಹೋಯಿತು. ‘ಝು’ ಅನ್ನುವ ಅಕ್ಕಿ ಮದ್ಯವನ್ನು ಸಭೆ ಬಿಡಿಸಿತು. ಅದರ ಸುತ್ತ ಇದ್ದ ಹಬ್ಬ, ಹಾಡು ಎಷ್ಟೋ ಮರೆಯಾದವು.

ಉಳಿದದ್ದೂ ಇದೆ. ತನಗಿಂತ ಮೊದಲು ಇನ್ನೊಬ್ಬರು ಅನ್ನುವ ‘ತ್ಲಾಮ್‌ಙಾಯ್ನಾ’ ಮಿಜೋ ಜನರ ಹಳೆಯ ನೀತಿ. ಅದು ಸಭೆಯೊಳಗೆ ಹೊಸ ಮನೆ ಮಾಡಿಕೊಂಡಿತು. 1935ರಲ್ಲಿ ಸಭೆಯ ಬೆಂಬಲದಿಂದಲೇ ಹುಟ್ಟಿದ ಯುವಕರ ಸಂಘ ಇಂದು ಯಂಗ್ ಮಿಜೋ ಅಸೋಸಿಯೇಶನ್. ಯಾರ ಮನೆಯಲ್ಲಿ ಸಾವಾದರೂ ಗುಂಡಿ ತೋಡುವವರು ಆ ಸಂಘದ ಹುಡುಗರು.

ಮಿಷನರಿಗಳಿಗೂ ಸರ್ಕಾರಕ್ಕೂ ಜಗಳ ಆಯಿತು ಅಂದ್ರಲ್ಲ, ಏನದು?

‘ಬೊಯ್’ ಪದ್ಧತಿಯ ವಿಷಯ. ಬರಗಾಲದಲ್ಲಿ ಹಸಿದು ಬಂದವರು, ಅಪರಾಧ ಮಾಡಿ ಆಸರೆ ಬೇಡಿದವರು ಮುಖಂಡನ ಮನೆಗೆ ಸೇರಿ ಬೊಯ್ ಆಗುತ್ತಿದ್ದರು. ಬಿಡುಗಡೆಗೆ ದುಡ್ಡು ಕಟ್ಟಬೇಕು. ಮಕ್ಕಳೂ ಅದರಲ್ಲೇ ಉಳಿಯುತ್ತಿದ್ದರು. 1908ರಲ್ಲಿ ಬಂದ ವೈದ್ಯ ಮಿಷನರಿ ಪೀಟರ್ ಫ್ರೇಜರ್ ಇದನ್ನು ಗುಲಾಮಗಿರಿ ಅಂದರು. ಹಣ ಕೊಟ್ಟು ಜನರನ್ನು ಬಿಡಿಸಿದರು, ಮೇಲಿನವರೆಗೆ ದೂರು ಒಯ್ದರು. ಅಧಿಕಾರಿಗಳಿಗೆ ಮುಖಂಡರ ಸ್ನೇಹ ಬೇಕಿತ್ತು. ಇದು ಗುಲಾಮಗಿರಿ ಅಲ್ಲ, ಸ್ಥಳೀಯ ರೂಢಿ ಅಂದರು. ಫ್ರೇಜರ್ 1912ರಲ್ಲಿ ಐಜ್ವಾಲ್ ಬಿಟ್ಟು ಹೋಗಬೇಕಾಯಿತು. ಅವರ ಸ್ವಂತ ಮಿಷನ್ ಕೂಡ ಅವರ ಹಿಂದೆ ಗಟ್ಟಿಯಾಗಿ ನಿಲ್ಲಲಿಲ್ಲ. ಅದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಮುಂದೆ ಆ ಪದ್ಧತಿ ಹೋಯಿತು. ಫ್ರೇಜರ್ ಹೇಳಿದ್ದೇ ಸರಿ ಅಂತಾಯಿತು.

1966ರ ಗಲಭೆಯಲ್ಲಿ ಚರ್ಚ್ ಯಾವ ಕಡೆ ಇತ್ತು?

1959ರ ಮೌತಾಮ್ ಬರದಲ್ಲಿ ಸರಿಯಾದ ನೆರವು ಸಿಗಲಿಲ್ಲ ಅನ್ನುವ ಸಿಟ್ಟು ಬೆಳೆದು 1966ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಬಂಡೆದ್ದಿತು. ಮಾರ್ಚ್ 5ರಂದು ನಮ್ಮದೇ ವಾಯುಪಡೆಯ ವಿಮಾನಗಳು ಐಜ್ವಾಲ್ ಮೇಲೆ ದಾಳಿ ಮಾಡಿದವು. ಮುಂದಿನ ವರ್ಷದಿಂದ ಹಳ್ಳಿಹಳ್ಳಿಗಳನ್ನೇ ಎಬ್ಬಿಸಿ, ಸೈನ್ಯದ ಕಾವಲಿನ ಶಿಬಿರಗಳಿಗೆ ಸೇರಿಸಿದರು. ವಿದೇಶಿ ಮಿಷನರಿಗಳೂ ಆ ವರ್ಷಗಳಲ್ಲಿ ಹೊರಟುಹೋದರು.

ಸಭೆಯ ಜನರೇ ಎರಡೂ ಕಡೆ ಇದ್ದರು. ಬಂದೂಕು ಹಿಡಿದ ಮಗನೂ ಸಭೆಯವನು, ಸರ್ಕಾರಿ ಕೆಲಸದ ತಂದೆಯೂ ಸಭೆಯವನು. ಸಭೆಯ ನಾಯಕರು ಹಿಂಸೆ ಬೇಡ ಅಂದರು. ಬೇರೆ ಸಭೆಗಳವರ ಜೊತೆ ಸೇರಿ ಎರಡೂ ಕಡೆಯವರ ನಡುವೆ ಓಡಾಡಿದರು. ಅದಕ್ಕೆ ಇಬ್ಬರಿಂದಲೂ ಬೈಸಿಕೊಂಡರು. 1986ರ ಜೂನ್ 30ರಂದು ಒಪ್ಪಂದವಾಯಿತು. 1987ರ ಫೆಬ್ರವರಿ 20ರಂದು ಮಿಜೋರಾಂ ರಾಜ್ಯವಾಯಿತು. ಆ ಒಪ್ಪಂದ ಇಂದಿಗೂ ನಿಂತಿದೆ.

ಚುನಾವಣೆಯಲ್ಲೂ ಚರ್ಚ್ ಕೈ ಹಾಕುತ್ತಂತೆ, ನಿಜಾನಾ?

ಅಭ್ಯರ್ಥಿಯನ್ನು ನಿಲ್ಲಿಸುವುದಿಲ್ಲ, ಇಂಥವರಿಗೆ ಮತ ಹಾಕಿ ಅನ್ನುವುದಿಲ್ಲ. 2006ರಲ್ಲಿ ಸಿನೋಡ್ ಮುಂದೆ ನಿಂತು ಮಿಜೋರಾಂ ಪೀಪಲ್ಸ್ ಫೋರಂ ಕಟ್ಟಿತು. ಪಕ್ಷಗಳು ಅದರ ಜೊತೆ ಒಪ್ಪಂದಕ್ಕೆ ಸಹಿ ಹಾಕುತ್ತವೆ. ಹಣ, ಊಟ ಹಂಚಬಾರದು. ಬ್ಯಾನರ್‌ಗೆ ಮಿತಿ. ಅಭ್ಯರ್ಥಿಗಳೆಲ್ಲ ಒಂದೇ ವೇದಿಕೆಯಲ್ಲಿ ಕೂತು ಜನರ ಪ್ರಶ್ನೆಗೆ ಉತ್ತರ ಹೇಳಬೇಕು. ನಮ್ಮ ಕಡೆ ಚುನಾವಣೆ ನೋಡಿದವನಿಗೆ ಅಲ್ಲಿನ ಮೌನ ಅಚ್ಚರಿ ತರುತ್ತದೆ. ಇಷ್ಟು ಹಿಡಿತ ಒಂದು ಚರ್ಚಿನ ಕೈಯಲ್ಲಿ ಇರಬೇಕಾ ಅಂತ ಕೇಳುವ ಮಿಜೋ ಯುವಕರೂ ಇದ್ದಾರೆ. ಆ ಪ್ರಶ್ನೆಯೂ ನ್ಯಾಯವಾದದ್ದೇ.

ಅಕ್ಕಿ ಎತ್ತಿಡೋರು ಹೆಂಗಸರು. ಪೀಠದ ಮೇಲೆ ಅವರಿದ್ದಾರಾ?

ಇದು ನನಗೆ ನೋವಿನ ವಿಷಯ. ಮಿಜೋರಾಂ ಸಿನೋಡ್ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡುತ್ತಾ ಬಂದಿಲ್ಲ. ದೇವಶಾಸ್ತ್ರ ಓದಿ, ಕಾಲೇಜಿನಲ್ಲಿ ಮುಂದಿನ ಪಾದ್ರಿಗಳಿಗೆ ಪಾಠ ಹೇಳುವ ಮಿಜೋ ಮಹಿಳೆಯರಿದ್ದಾರೆ. ನಮ್ಮ ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲೂ ಈಶಾನ್ಯದ ಹೆಣ್ಣುಮಕ್ಕಳು ಓದುತ್ತಾರೆ. ಬುಹ್‌ಫಾಯ್ ಥಾಮ್ ಮೇಲೆ ನಿಂತ ಸಭೆ ಇದನ್ನು ಬೇಗ ಬದಲಿಸಲಿ ಅಂತ ನಾನು ಮನಸಾರೆ ಬಯಸುತ್ತೇನೆ.

ನಾನು ಹೋಗಿ ನೋಡಬಹುದಾ? ಬೇರೆ ಧರ್ಮದವರನ್ನು ಒಳಗೆ ಬಿಡ್ತಾರಾ?

ಖಂಡಿತ ಬಿಡುತ್ತಾರೆ. ಮಿಜೋರಾಂಗೆ ಹೋಗಲು ಇನ್ನರ್ ಲೈನ್ ಪರ್ಮಿಟ್ ಬೇಕು, ಅದನ್ನು ಮೊದಲು ಮಾಡಿಸಿಕೊಳ್ಳಿ. ಶನಿವಾರವೇ ಊಟದ ಸಾಮಾನು ತಂದಿಟ್ಟುಕೊಳ್ಳಿ. ಭಾನುವಾರ ಐಜ್ವಾಲ್‌ನಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಚರ್ಚಿಗೆ ಶುಭ್ರ ಬಟ್ಟೆ ಹಾಕಿಕೊಂಡು ಹೋಗಿ. ಗಂಡಸರು, ಹೆಂಗಸರು ಬೇರೆ ಬೇರೆ ಕಡೆ ಕೂರುವ ರೂಢಿ ಇದೆ, ನೋಡಿಕೊಂಡು ಕೂತರಾಯಿತು. ಬೆಳಿಗ್ಗೆ ಸಂಡೇ ಸ್ಕೂಲ್ ಇರುತ್ತದೆ, ಆಮೇಲಿನ ಆರಾಧನೆಯಲ್ಲಿ ಹಾಡು ಜಾಸ್ತಿ. ಆಗುವುದಾದರೆ ಸಂಜೆಯದಕ್ಕೂ ಹೋಗಿ. ಡೋಲು ಶುರುವಾಗುವ ಮುಂಚೆ ಹೋಗಿ ಕೂತಿರಿ. ಪಕ್ಕದವರು ಹಾಡಿನ ಪುಸ್ತಕ ತೆರೆದು ನಿಮ್ಮ ಕಡೆ ಚಾಚುತ್ತಾರೆ. ಓದಲು ಬಾರದಿದ್ದರೂ ಒಂದು ಕಡೆ ಹಿಡಿದುಕೊಳ್ಳಿ.